ಚೀಟಿಯಿಲ್ಲದ ಡಬ್ಬಿ

ನನಗಾಗ ಅರವತ್ತೇಳು, ನಾಲ್ಕು ವರ್ಷದ ಹಿಂದಿನ ಮಾತು. ಸಂಬಳಕ್ಕೆ ಬಾಣಂತನ ಮಾಡಲು ಉಡುಪಿಯಿಂದ ಅಬುಧಾಬಿಗೆ ಹೋಗಿದ್ದೆ. ಬಾಗಿಲು ತೆರೆದ ದಿವಾಕರ ಶೆಟ್ರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಚಪ್ಪಲಿಯನ್ನು. "ಅಕ್ಕಾ, ಅಡಿ ಸವ್ದುಂಟು. ಜಾರ್ತದೆ. ಸೇಫ್ಟಿ ಫಸ್ಟ್."

ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಅವರು ಸೇಫ್ಟಿ ಆಫೀಸರು. ಮನೆಯಲ್ಲೂ ಅದೇ ಉದ್ಯೋಗ. ಉಪ್ಪಿನ ಡಬ್ಬಿಗೂ ಚೀಟಿ, ಸಾಸಿವೆ ಡಬ್ಬಿಗೂ ಚೀಟಿ. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಗ್ಗರಣೆ ಸೀಯುತ್ತಿತ್ತು.

ಅವರ ಹೆಂಡತಿ ಶುಭಾಳಿಗೆ ಹಾಲು ಕಡಿಮೆ. ಮಗುವಿನ ತೂಕ ಏರದಿದ್ದರೆ ಡಬ್ಬಿ ಹಾಲು ಎಂದು ಡಾಕ್ಟರು ಹೇಳಿದ್ದರು. ಅವಳು ಅದಕ್ಕೇ ಅಳುತ್ತಿದ್ದಳು. ನಾನು ತಂದ ಬೆಳ್ಳುಳ್ಳಿ ಲೇಹ್ಯ ಬಾಯಿಗಿಟ್ಟರೆ ಉಗುಳುವಳು. ಶೆಟ್ರು ನಗುವರು. "ಈ ಕಾಲದಲ್ಲಿ ಲೇಹ್ಯವಾ? ಸೈನ್ಸ್ ಬೇಕಕ್ಕಾ."

ಅವರ ಸೈನ್ಸು ಬಕೆಟಿನಲ್ಲಿತ್ತು: ಮನೆಯಲ್ಲೇ ಬಿಯರು. ಯಾರಿಗಾದರೂ ಗೊತ್ತಾದರೆ ಕೆಲಸ ಖಲಾಸ್, ವೀಸಾ ಖಲಾಸ್. ಅದಕ್ಕೇ ಬಾರ್ಲಿಯ ಮಾಲ್ಟ್ ಪಾಕವನ್ನು ಹಳೇ ತುಪ್ಪದ ಡಬ್ಬಿಗೆ ಸುರಿದು, ಚೀಟಿ ಅಂಟಿಸದೆ ಕಪಾಟಿನಲ್ಲಿಟ್ಟಿದ್ದರು. ನನ್ನ ಎರಡನೇ ಡಬ್ಬಿ ಲೇಹ್ಯವೂ ಅಂಥದ್ದೇ ತುಪ್ಪದ ಡಬ್ಬಿಯಲ್ಲಿ, ಅಲ್ಲೇ ಪಕ್ಕದಲ್ಲಿ.

ಒಂದು ದಿನ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ಡಬ್ಬಿಯ ಪಾಕ ಕುದಿಸಿ, ಹಾಪ್ಸ್ ಎಂಬ ಕಹಿ ಹೂವು ಉದುರಿಸಿ ಬಕೆಟು ತುಂಬಿದರು. ಮಗುವನ್ನು ಮೀನು ತಿಂದ ಕೈಯಲ್ಲೇ ಎತ್ತುವ ಗಂಡಸು! ಬಕೆಟಿಗೆ ಎಸಿ ಕೋಣೆ. ಪಕ್ಕದಲ್ಲಿ ಚಾಪೆ ಹಾಸಿ ತಾವೇ ಕಾವಲು.

"ಒಂದು ಮನೆಗೆ ಎರಡು ಬಾಣಂತನ. ಅದಕ್ಕೆ ಎಣ್ಣೆ ನೀವೇ ಹಚ್ಚಿ," ಎಂದೆ.

ನನ್ನ ಮೊದಲ ಡಬ್ಬಿ ಮುಗಿಯಿತು. ಕಪಾಟಿನಲ್ಲಿ ಉಳಿದದ್ದನ್ನು ತೆರೆದೆ. ಬೆಳ್ಳುಳ್ಳಿಯ ಸುಳಿವೇ ಇಲ್ಲ. ಲೇಹ್ಯ ಮಾರಿದ ಪಂಡಿತನಿಗೆ ಬೈದು, ತುಪ್ಪ ಬೆರೆಸಿ ಕೊಟ್ಟೆ. ಶುಭಾ ಚಮಚ ನೆಕ್ಕಿದಳು. "ಅಕ್ಕಾ, ಇನ್ನೊಂದು!" ಹಸಿವೆ ಬಂತು, ಊಟ ಸೇರಿತು, ಹಾಲು ಇಳಿಯಿತು. ಮಗುವಿನ ತೊಡೆ ತುಂಬಿತು.

ತಿಂಗಳಾದ ಮೇಲೆ, ಒಂದು ರಜೆಯ ಮಧ್ಯಾಹ್ನ, ಶೆಟ್ರು ಗೆಳೆಯರಿಬ್ಬರನ್ನು ಕರೆದು ಗ್ಲಾಸು ತುಂಬಿದರು. ನೊರೆ ಬರಲಿಲ್ಲ, ತುಪ್ಪ ತೇಲಿತು.

"ಆಹಾ, ಹರ್ಬಲ್ ಟಚ್ ಉಂಟು ಮಾರಾಯಾ," ಎಂದ ಒಬ್ಬ, ಕಣ್ಣು ಮುಚ್ಚಿಕೊಂಡು.

ಇನ್ನೊಬ್ಬ ಮೂಸಿದ. "ಇದೆಂತದು ಶೆಟ್ರೇ, ನನ್ನ ತಮ್ಮ ಹುಟ್ಟಿದಾಗ ನಮ್ಮಮ್ಮನ ಕೋಣೆಯಲ್ಲಿದ್ದ ಪರಿಮಳ!"

ನಾನು ಗ್ಲಾಸು ಕಸಿದು ಮೂಸಿದೆ. "ಇದು ನನ್ನ ಲೇಹ್ಯ. ನೀವು ಕುಡಿದದ್ದು ಬಾಣಂತಿ ಮದ್ದು. ಇನ್ನು ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿ."

ಶೆಟ್ರು ಕಪಾಟಿಗೆ ಓಡಿ ಡಬ್ಬಿಗೆ ಬೆರಳದ್ದಿ ನೆಕ್ಕಿದರು, ಗ್ಲೌಸಿಲ್ಲದೆ. "ಅಯ್ಯೋ, ನನ್ನ ಮಾಲ್ಟ್! ಅರ್ಧ ಖಾಲಿ! ಉಳಿದದ್ದರಲ್ಲಿ ಇನ್ನೊಂದು ಸಲ ಮಾಡ್ತೇನೆ."

ಹಾಲು ಕುಡಿಸುತ್ತಿದ್ದ ಶುಭಾ ಒಳಗಿನಿಂದಲೇ ಕೂಗಿದಳು: "ಡಬ್ಬಿ ಅಲ್ಲೇ ಇಡಿ. ಇಲ್ಲದಿದ್ರೆ ನಾಳೆಯಿಂದ ಹಾಲು ನೀವೇ ಕೊಡಿ!"

ಸೇಫ್ಟಿ ಆಫೀಸರು ಡಬ್ಬಿ ಇಟ್ಟರು. ಈಗ ಅಲ್ ಐನ್‌ನಲ್ಲಿ ಇದ್ದಾರಂತೆ. ಊರಿಗೆ ಮರಳಿದ ಮೇಲೆ ನಾನು ಅವರನ್ನು ಕಂಡಿಲ್ಲ.

ಅವರು ಡಬ್ಬಿ ಇಟ್ಟ ಮರುದಿನ ಬೆಳಿಗ್ಗೆ ಕಪಾಟು ತೆರೆದರೆ ಆ ಡಬ್ಬಿಗೂ ಚೀಟಿ ಬಿದ್ದಿತ್ತು, ಶೆಟ್ರ ಕೈಬರಹದಲ್ಲಿ. ಅಕ್ಷರ ಕೂಡಿಸಿ ಓದಿದೆ: ಲೇಹ್ಯ. ತುಪ್ಪ ಬೆರೆಸಿ ಒಂದು ಚಮಚ ಶುಭಾಳಿಗೆ ಕೊಟ್ಟೆ, ಒಂದು ನಾನು ತಿಂದೆ.