ಬದುವಿನ ಸುಬಾಬುಲ್, ಬದುವಿನಾಚೆ ಕೋಟೇಶ್ವರಮ್ಮ

ಇಂದುಧರ ಸಾಹೇಬರಿಗೆ ಮರದ ಹುಚ್ಚು. ಹಾವೇರಿ ಕಡೆಯವರು, ವರ್ಗವಾಗಿ ವಿಜಯವಾಡಕ್ಕೆ ಬಂದು ಗವರ್ನರ್‌ಪೇಟೆಯ ನಮ್ಮ ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಯಾಗಿದ್ದರು. ನಾನು ಅವರ ಕೈಕೆಳಗಿನ ಗುಮಾಸ್ತ, ಹಾಸನದವನು. ವಾರಕ್ಕೆರಡು ಸಲ ಅವರ ಸ್ಕೂಟರಿನ ಹಿಂದೆ ಕೂತು ಹಳ್ಳಿ ತಿರುಗುವುದು ನನ್ನ ಪಾಲಿಗೆ ಬಂದಿತ್ತು. ರೈತ ಎದುರಾದರೆ ಬೆಳೆ ಹೇಗಿದೆ ಎಂದು ಕೇಳುವ ಮೊದಲೇ, ಬದುವಿನಲ್ಲಿ ಎಷ್ಟು ಗಿಡ ಹಾಕಿದಿರಿ ಎನ್ನುವರು. ಜನ ಅವರಿಗೆ ‘ಚೆಟ್ಲ ಸಾರು’ ಎಂದೇ ಹೆಸರಿಟ್ಟಿದ್ದರು, ಅಂದರೆ ಮರದ ಸಾಹೇಬರು. ಸಾಹೇಬರು ಅದನ್ನು ಕೇಳಿ ಹಿಗ್ಗುತ್ತಿದ್ದರು.

ಅವರ ಮಾತು ನಂಬಿ ರಾಮಮೋಹನ್ ಎಂಬ ರೈತ ಸಾವಿರದೊಂಬೈನೂರ ಎಂಬತ್ತೈದರಲ್ಲಿ ತನ್ನ ಗದ್ದೆಯ ಉತ್ತರದ ಬದುವಿಗೆ ಸಾಲಾಗಿ ಸುಬಾಬುಲ್ ನೆಟ್ಟ. ಬೇಗ ಬೆಳೆಯುವ ಜಾತಿ. ಎರಡು ವರ್ಷಕ್ಕೆ ಮನೆಯ ಸೂರು ಮೀರಿದವು. ಬದುವಿನಾಚೆಯ ಅರ್ಧ ಎಕರೆ ಕೋಟೇಶ್ವರಮ್ಮನದು. ಗಂಡ ತೀರಿಕೊಂಡಿದ್ದ, ಮೂರು ಹೊಟ್ಟೆಗೆ ವರ್ಷದ ಅನ್ನ ಆ ಗದ್ದೆಯಿಂದಲೇ ಬರಬೇಕು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳೆಲ್ಲ ಆಕೆಯ ಭತ್ತದ ಮೇಲೆ.

ಆಕೆ ಹೇಳಿಕೊಂಡಾಗಲೆಲ್ಲ ಸಾಹೇಬರು ನಕ್ಕು, “ನೆರಳಿಗೆ ಭತ್ತ ಹೆದರುತ್ತೇನಮ್ಮಾ? ಗೊಬ್ಬರ ಹಾಕಿ” ಎನ್ನುವರು. ನನಗೆ ಮೈ ಉರಿಯುತ್ತಿತ್ತು. ಆದರೆ ಬಡವನ ಕೋಪ ದವಡೆಗೆ ಮೂಲ.

ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ರಾಮಮೋಹನನ ಊರಿನಲ್ಲೇ ರೈತರ ಸಭೆ ನಿಗದಿಯಾಯಿತು. ಎಲ್ಲರ ಬದುವಿಗೂ ಸುಬಾಬುಲ್ ಎಂದು ಸಾಹೇಬರ ಭಾಷಣ. ಹಿಂದಿನ ದಿನ ರಾಮಮೋಹನನ ಮರಗಳನ್ನು ನೋಡಲು ಹೋದೆವು. ಕೋಟೇಶ್ವರಮ್ಮನ ಕೊಯ್ಲು ಮುಗಿದಿತ್ತು. ಆಕೆ ಕಟ್ಟಿದ ಭತ್ತದ ಸಿವುಡುಗಳನ್ನು ಬಣವೆ ಒಟ್ಟದೆ, ಕೊಯ್ದ ಜಾಗದಲ್ಲೇ ಸಾಲುಸಾಲಾಗಿ ಬಿಟ್ಟಿದ್ದಳು.

“ನನ್ನ ಮಾತು ನಂಬಬೇಡಿ ಸಾರು. ಬದುವಿನ ಹತ್ತಿರದ್ದೊಂದು, ಆ ಕೊನೆಯದೊಂದು ಎತ್ತಿ ನೋಡಿ,” ಎಂದಳು ತೆಲುಗಿನಲ್ಲಿ.

ಎರಡೂ ಒಂದೇ ಗಾತ್ರ. ಸಾಹೇಬರು ರೈತನ ಮಗನಲ್ಲವೇ, ಎತ್ತಿದೊಡನೆ ಬದುವಿನದು ಹಗುರವೆಂದು ತಿಳಿದು ಮುಖ ಸಪ್ಪಗಾಯಿತು. ಬದುವಿನ ಸಿವುಡಿನ ತೆನೆ ಉಜ್ಜಿದರೆ ಅಂಗೈ ತುಂಬ ಜೊಳ್ಳು. ಹತ್ತು ಹೆಜ್ಜೆಯವರೆಗೂ ಅದೇ ಕಥೆ, ಅಲ್ಲಿಂದಾಚೆ ಗಟ್ಟಿ ಕಾಳು.

“ಈ ಸಲ ಯುಗಾದಿಗೇ ಅಕ್ಕಿ ಮುಗಿಯುತ್ತೆ,” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ವಾಪಸ್ಸು ಬರುವಾಗ ಸಾಹೇಬರು ಕಾಲುವೆ ಪಕ್ಕ ಸ್ಕೂಟರ್ ನಿಲ್ಲಿಸಿದರು. “ತಪ್ಪು ಮಾಡೀನಪಾ. ನಮ್ಮಪ್ಪನೂ ಹೊಲದಾಗ ಬನ್ನಿಗಿಡ ಬಿಟ್ಟಿದ್ದ. ಅದರ ನೆರಳು ನಮ್ಮ ಬೆಳಿ ಮ್ಯಾಲೇ ಬೀಳ್ತಿತ್ತು, ಲುಕ್ಸಾನಾದ್ರ ನಮಗ. ಇಲ್ಲಿ ಗಿಡ ಒಬ್ಬಂದು, ನೆರಳು ಆಕಿಗೆ.”

ಮರುದಿನ ಭಾಷಣದ ಕಾಗದ ಜೇಬಿನಿಂದ ಹೊರಗೆ ಬರಲಿಲ್ಲ. ಸಾಹೇಬರು ಆ ಎರಡು ಸಿವುಡುಗಳನ್ನು ರೈತರ ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ತಮ್ಮ ಮುರುಕು ತೆಲುಗಿನಲ್ಲಿ ಹೇಳಿದರು: “ಮರ ನೆಡಿ. ಆದರೆ ನೆರಳು ಯಾರ ಗದ್ದೆಗೆ ಬೀಳುತ್ತೋ ಅವರನ್ನು ಮೊದಲು ಕೇಳಿ. ನಾನು ಕೇಳಲಿಲ್ಲ. ಕೋಟೇಶ್ವರಮ್ಮಗಾರು, ತಪ್ಪಾಯಿತು.”

ಮುಂದಿನ ಸಾಲಿನಲ್ಲಿದ್ದ ರಾಮಮೋಹನ್ ತಲೆ ಕೆರೆದುಕೊಂಡು ಎದ್ದ. ಹಿಂದೆ ಹೆಂಗಸರ ನಡುವೆ ಕೂತಿದ್ದ ಆಕೆಯತ್ತ ತಿರುಗಿ, “ಏನು ಮಾಡಲಿ ಅಕ್ಕಾ?” ಎಂದ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಷ್ಟು ವರ್ಷಕ್ಕೆ ಕೇಳಿದೆಯಲ್ಲ ತಮ್ಮಾ,” ಎಂದಳು. “ಸಂಕ್ರಾಂತಿಯೊಳಗೆ ಕಡಿಸು.”