ಉಪ್ಪಿಲ್ಲದ ಕೋಸಂಬರಿ

ನಾನು ಚಿಕ್ಕವನಿದ್ದಾಗ ಒಂದು ರಾಮನವಮಿಯ ದಿನ ನಮ್ಮ ಮನೆಯಲ್ಲಿ ಉಪ್ಪಿಲ್ಲದ ಕೋಸಂಬರಿ ಮಾಡಿದ್ದರು. ಮುಖ ಸಿಂಡರಿಸಬೇಡಿ, ಪೂರ್ತಿ ಕೇಳಿ. ಉಪ್ಪಿಲ್ಲ, ನಿಂಬೆಹುಳಿಯಿಲ್ಲ, ಹಸಿಮೆಣಸಿನಕಾಯಿಯಿಲ್ಲ, ಸಾಸಿವೆ ಇಂಗಿನ ಒಗ್ಗರಣೆಯಂತೂ ಇಲ್ಲವೇ ಇಲ್ಲ. ನೆನೆಸಿದ ಹೆಸರುಬೇಳೆ, ತುರಿದ ಕ್ಯಾರೆಟ್, ಅಷ್ಟೇ. ಅದನ್ನು ಮನೆಮಂದಿಯೆಲ್ಲ ಒಂದು ಗಿಣಿಮರಿಯ ಮುಂದೆ ನೆಲದ ಮೇಲೆ ಕೂತು ತಿಂದೆವು. ಯಾಕೆ ಅಂತ ಹೇಳುತ್ತೇನೆ.

ಆಗ ನಾವು ಡಚ್ಚರ ನಾಡಿನ ರೈಸ್‌ವೈಕ್‌ನಲ್ಲಿದ್ದೆವು. ಎಲ್ಲರೂ ಕೈಯಲ್ಲಿ ಫೋನ್ ಹಿಡಿದು, ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದ ಕಾಲ ಅದು. ಹಳೆಯ ಫೋಟೋಗಳಲ್ಲಿ ನೋಡಿ ನೀವು ನಗುತ್ತೀರಲ್ಲ, ಅದೇ. ಅಪ್ಪ ಮೈಸೂರಿನಿಂದ ಕೆಲಸಕ್ಕೆಂದು ಬಂದವರು. ಅಪ್ಪ, ಅಮ್ಮ, ಅಕ್ಕ, ನಾನು, ನೆಲಮಹಡಿಯಲ್ಲೊಂದು ಪುಟ್ಟ ಮನೆ, ಹಿಂದೆ ಚಾಪೆಯಗಲದ ತೋಟ. ಪಕ್ಕದ ಮನೆಯ ಡಚ್ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವಾಗ, ತಾನು ಹೊಸದಾಗಿ ತಂದಿದ್ದ ಗಿಣಿಮರಿಯನ್ನು ನಮಗೆ ಕೊಟ್ಟು ಹೋದರು. ಹಸಿರು ಮೈ, ಕೆಂಪು ಕೊಕ್ಕು, ನಮ್ಮ ಊರಿನ ಗಿಣಿಯೇ. ಅಕ್ಕ ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಳು. ಅಂಥವೇ ಗಿಣಿಗಳು ಅಲ್ಲಿನ ಪಾರ್ಕಿನ ಮರಗಳಲ್ಲೂ ಇದ್ದವು. ಯಾವ ಕಾಲದಲ್ಲೋ ಪಂಜರದಿಂದ ತಪ್ಪಿಸಿಕೊಂಡವುಗಳ ಮರಿಮೊಮ್ಮಕ್ಕಳಂತೆ. ಸಂಜೆ ಅವು ಹಿಂಡುಗಟ್ಟಿ ಕಿರುಚುತ್ತಾ ನಮ್ಮ ಮನೆಯ ಮೇಲೆ ಹಾರಿಹೋದರೆ, ಪಚ್ಚೆಯೂ ಒಳಗಿನಿಂದ ಕಿರುಚಿ ಉತ್ತರ ಕೊಡುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ನಾವು ತಿನ್ನುವುದನ್ನು ಯಾರಾದರೂ ನೋಡುತ್ತಿದ್ದರೆ ಅವರಿಗೆ ಒಂದು ಚೂರಾದರೂ ಕೊಟ್ಟು ತಿನ್ನಬೇಕು. ಇಲ್ಲದಿದ್ದರೆ ದೃಷ್ಟಿಯಾಗಿ ಹೊಟ್ಟೆನೋವು ಬರುತ್ತದೆ ಎನ್ನುವುದು ಅಮ್ಮನ ನಂಬಿಕೆ. ಪಚ್ಚೆಯ ಪಂಜರ ಇದ್ದದ್ದು ಊಟದ ಮೇಜಿನ ಪಕ್ಕದಲ್ಲೇ. ಅದು ಒಂದು ಕಣ್ಣು ಈ ಕಡೆ ತಿರುಗಿಸಿ ನಮ್ಮ ತಟ್ಟೆಯನ್ನೇ ನೋಡುತ್ತಾ ಕೂತರೆ ಯಾರಿಗೆ ತಾನೆ ಗಂಟಲಲ್ಲಿ ತುತ್ತು ಇಳಿಯುತ್ತದೆ? ಅಪ್ಪ ಚಿತ್ರಾನ್ನದಿಂದ ಎಣ್ಣೆಯಲ್ಲಿ ಹುರಿದ ಕಡಲೆಬೀಜ ಆರಿಸಿ ಕೊಡುತ್ತಿದ್ದರು. ಅಮ್ಮ ಚಕ್ಕುಲಿ ಮುರಿದು ಕೊಡುತ್ತಿದ್ದರು. ಅಕ್ಕ, ನಾನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಅಂಚು ಕೊಡುತ್ತಿದ್ದೆವು. ಪಚ್ಚೆ ಕಾಲಲ್ಲಿ ಹಿಡಿದುಕೊಂಡು ಗತ್ತಿನಿಂದ ತಿನ್ನುತ್ತಿತ್ತು. ಅದರ ಬಟ್ಟಲಿಗೆ ಮಿಶ್ರಕಾಳು ಹಾಕಿದರೆ ಉಳಿದದ್ದನ್ನೆಲ್ಲ ಕೆಳಕ್ಕೆ ಎಸೆದು, ಸೂರ್ಯಕಾಂತಿ ಬೀಜವನ್ನಷ್ಟೇ ಸಿಪ್ಪೆ ಬಿಡಿಸಿ ತಿನ್ನುತ್ತಿತ್ತು. ಮರಿ ಚೆನ್ನಾಗಿ ಉಣ್ಣುತ್ತಿದೆ ಎಂದು ನಾವು ಹಿಗ್ಗಿದ್ದೇ ಹಿಗ್ಗಿದ್ದು. ಚಳಿಗಾಲ ಮುಗಿಯುವಷ್ಟರಲ್ಲಿ ಅದರ ಗರಿಗಳು ಮಂಕಾದವು. ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಹಗಲೆಲ್ಲ ಮೂಲೆಯಲ್ಲಿ ಕೂರತೊಡಗಿತು.

ಆ ವರ್ಷ ರಾಮನವಮಿ ಶನಿವಾರ ಬಂದಿತ್ತು. ಅಮ್ಮ ಬೆಳಿಗ್ಗೆಯೇ ಕೋಸಂಬರಿಗೆ ಬೇಳೆ ತೊಳೆದಿಟ್ಟುಕೊಂಡರು. ಅಪ್ಪ, ಅಕ್ಕ, ನಾನು ಪಚ್ಚೆಯನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲಿನಲ್ಲಿ ಯುಟ್ರೆಕ್ಟ್‌ಗೆ ಹೊರಟೆವು. ಅಲ್ಲಿ ಹಕ್ಕಿಗಳನ್ನೇ ನೋಡುವ ಒಬ್ಬ ಡಾಕ್ಟರಮ್ಮ ಇದ್ದರು. ಅವರು ಪಚ್ಚೆಯನ್ನು ಟವೆಲಿನಲ್ಲಿ ಸುತ್ತಿ ಹಿಡಿದು, ಎದೆಯ ಗರಿಗಳನ್ನು ಬಾಯಿಂದ ಊದಿ ಸರಿಸಿದರು. ನನ್ನ ಬೆರಳು ಹಿಡಿದು ಅಲ್ಲಿ ಮುಟ್ಟಿಸಿದರು. ಮಾಂಸವೇ ಇರಲಿಲ್ಲ, ಎಲುಬು ಚಾಕುವಿನ ಅಂಚಿನ ಹಾಗೆ ಚುಚ್ಚಿತು. ಆಮೇಲೆ ಅವರು ಡಚ್ಚಿನಲ್ಲಿ ಮಾತಾಡತೊಡಗಿದರು. ನಮ್ಮಲ್ಲಿ ಡಚ್ ಸರಿಯಾಗಿ ಬರುತ್ತಿದ್ದದ್ದು ಅಕ್ಕನಿಗೆ, ಹಾಗಾಗಿ ಕೆಟ್ಟ ಸುದ್ದಿಯನ್ನು ಹೇಳುವ ಕೆಲಸ ಅವಳ ಪಾಲಿಗೆ ಬಂತು.

"ಅಪ್ಪ, ಹೊಟ್ಟೆ ತುಂಬ ತಿಂದಿದೆ, ಬಟ್ ಬೆಳೆಯೋಕೆ ಬೇಕಾಗಿದ್ದು ಏನೂ ಸಿಕ್ಕಿಲ್ಲ ಅಂತಿದಾರೆ. ಲಿವರ್ ತುಂಬ ಕೊಬ್ಬು ಇದೆಯಂತೆ."

"ಸರಿಹೋಗತ್ತಾ ಕೇಳು," ಎಂದರು ಅಪ್ಪ.

ಅಕ್ಕ ಕೇಳಿದಳು. ಡಾಕ್ಟರಮ್ಮ ತುಂಬ ಹೊತ್ತು ಏನೇನೋ ಹೇಳಿದರು. ಅಕ್ಕ ಮಾತ್ರ ಚುಟುಕಾಗಿ ಹೇಳಿದಳು: "ಲೇಟ್ ಆಗಿದೆ ಅಂತೆ. ಟ್ರೈ ಮಾಡಿ ಅಂತೆ."

ಏನು ಟ್ರೈ ಮಾಡಬೇಕು ಎನ್ನುವುದನ್ನು ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ನೆನೆಸಿದ ಕಾಳು, ಮೊಳಕೆ, ಕ್ಯಾರೆಟ್, ಸೊಪ್ಪು, ಕೆಂಪು ದಪ್ಪಮೆಣಸಿನಕಾಯಿ ಕೊಡಬೇಕು. ಹಣ್ಣು ಸ್ವಲ್ಪವೇ ಸ್ವಲ್ಪ. ಉಪ್ಪು, ಎಣ್ಣೆ, ಕರಿದದ್ದು ಸೋಕಲೂ ಕೂಡದು. ಆದರೆ ಬೀಜವನ್ನು ಒಮ್ಮೆಗೇ ನಿಲ್ಲಿಸಬಾರದು. ಗೊತ್ತಿಲ್ಲದ್ದನ್ನು ಗಿಣಿ ಆಹಾರವೆಂದೇ ತಿಳಿಯುವುದಿಲ್ಲ, ಅದು ಮುಂದಿದ್ದರೂ ಉಪವಾಸ ಬೀಳುತ್ತದೆ. ಕಾಡಿನಲ್ಲಿ ಮರಿ ತನ್ನ ಬಳಗ ತಿನ್ನುವುದನ್ನು ನೋಡಿ ಯಾವುದನ್ನು ತಿನ್ನಬೇಕೆಂದು ಕಲಿಯುತ್ತದೆ. ಈ ಮರಿಗೆ ನೀವೇ ಬಳಗ, ನೀವು ತಿಂದು ತೋರಿಸಿ ಎಂದಿದ್ದರು ಡಾಕ್ಟರಮ್ಮ.

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಕೋಟಿನ ಗುಂಡಿ ಬಿಚ್ಚಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೂತಿದ್ದರು. ಕಿಟಕಿಯಾಚೆ ನೀರಿನ ಕಾಲುವೆಗಳು, ದನಗಳು, ಹಸಿರು ಬಯಲು ಹಿಂದಕ್ಕೆ ಹೋಗುತ್ತಿದ್ದವು. "ಪ್ರೀತಿಯಿಂದಾನೇ ಕೊಟ್ವಲ್ಲ," ಎಂದು ಅಪ್ಪ ತಮ್ಮಷ್ಟಕ್ಕೆ ಅಂದುಕೊಂಡರು. ನನಗೆ ಅಳು ಒತ್ತರಿಸಿ ಬಂತು, ಅಕ್ಕನ ತೋಳಿಗೆ ಮುಖ ಒತ್ತಿಕೊಂಡೆ.

ಮನೆಯಲ್ಲಿ ಪಾನಕದ ಏಲಕ್ಕಿ ವಾಸನೆ ತುಂಬಿಕೊಂಡಿತ್ತು. ಅಮ್ಮ ಒಗ್ಗರಣೆ ಸೌಟನ್ನು ಒಲೆಯ ಮೇಲಿಟ್ಟು, ಸಾಸಿವೆ ಹಾಕಲು ನಮ್ಮನ್ನೇ ಕಾಯುತ್ತಿದ್ದರು. ಅಪ್ಪ ಎಲ್ಲ ಹೇಳಿ ಮುಗಿಸಿದ ಮೇಲೆ ಅಮ್ಮ ಒಲೆ ಆರಿಸಿದರು. "ಬಿಡಿ, ಹಾಗಾದ್ರೆ ಉಪ್ಪೂ ಬೇಡ, ಒಗ್ಗರಣೇನೂ ಬೇಡ. ರಾಮನಿಗೂ ಇವತ್ತು ಸಪ್ಪೇನೇ," ಎಂದರು. ಹಬ್ಬದ ದಿನ ಹುಳಿಗೆ ಉಪ್ಪು ಒಂದು ಚಿಟಿಕೆ ಕಮ್ಮಿಯಾದರೆ ರಂಪ ಮಾಡುತ್ತಿದ್ದ ಅಮ್ಮ ಅವರು. ದೇವರ ಮುಂದೆ ಬರೀ ಬೇಳೆ, ಕ್ಯಾರೆಟ್ ಇಟ್ಟು, ಕಣ್ಣು ಮುಚ್ಚಿ ತುಂಬ ಹೊತ್ತು ನಿಂತರು. ಏನು ಬೇಡಿಕೊಂಡರೆಂದು ನಾವು ಕೇಳಬೇಕಾಗಿರಲಿಲ್ಲ.

ಪಂಜರವನ್ನು ನೆಲಕ್ಕಿಳಿಸಿ ಬಾಗಿಲು ತೆರೆದಿಟ್ಟೆವು. ಸುತ್ತ ನಾವು, ಎಲ್ಲರ ಕೈಯಲ್ಲೂ ಸ್ಟೀಲಿನ ಬಟ್ಟಲು. ಪಚ್ಚೆಯ ಮುಂದೆಯೂ ಅಂಥದ್ದೇ ಒಂದು ಬಟ್ಟಲು. ತಿನ್ನಲು ಶುರುಮಾಡಿದೆವು. ಅಬ್ಬಾ, ಎಂಥ ಸಪ್ಪೆ ಅಂತೀರಿ! ಹಸಿಬೇಳೆ ಹಲ್ಲಿಗೆ ಅಂಟಿಕೊಳ್ಳುತ್ತಿತ್ತು, ಕ್ಯಾರೆಟ್ ಸುಮ್ಮನೆ ಕರಕರ ಎನ್ನುತ್ತಿತ್ತು. ಅಪ್ಪ ಬೇಕೆಂದೇ ಜೋರಾಗಿ ಅಗಿದು, "ಆಹಾ, ಭಾಳ ಚೆನ್ನಾಗಿದೆ ಕಣೋ ಪಚ್ಚೆ," ಎಂದು ತಲೆಯಾಡಿಸಿದರು. "ಅಪ್ಪ, ಓವರ್ ಆಕ್ಟಿಂಗ್," ಎಂದಳು ಅಕ್ಕ. ಬೆಳಿಗ್ಗೆಯಿಂದ ನಾವು ನಕ್ಕದ್ದು ಅದೊಂದೇ ಸಲ. "ಉಪ್ಪಿಗಿಂತ ರುಚಿ ಇಲ್ಲ..." ಎಂದು ಅಪ್ಪ ಗಾದೆ ಶುರುಮಾಡಿದವರು ಪಚ್ಚೆಯ ಕಡೆ ನೋಡಿ ನಿಲ್ಲಿಸಿಬಿಟ್ಟರು. ತಾಯಿಗಿಂತ ಬಂಧುವಿಲ್ಲ ಎಂದು ಅದರ ಮುಂದೆ ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಪಚ್ಚೆ ಕದಲಲಿಲ್ಲ. ನಮ್ಮ ಬಟ್ಟಲುಗಳು ಖಾಲಿಯಾದವು, ಅಮ್ಮ ಮತ್ತೆ ಬಡಿಸಿದರು, ಮತ್ತೆ ತಿಂದೆವು. ಕಿಟಕಿಯ ಬಿಸಿಲು ನೆಲದ ಮೇಲೆ ಜರುಗುತ್ತಾ ಗೋಡೆ ಹತ್ತಿತು. ಹೊರಗೆ ಪಾರ್ಕಿನ ಗಿಣಿಗಳು ಕಿರುಚುತ್ತಾ ಹಾರಿಹೋದವು. ಪಚ್ಚೆ ಒಂದು ಕಣ್ಣು ತೆರೆಯಿತು, ಉತ್ತರ ಕೊಡಲಿಲ್ಲ. ಇನ್ನು ಆಗುವುದಿಲ್ಲ ಎನ್ನುವುದು ಎಲ್ಲರ ಮುಖದ ಮೇಲೂ ಇತ್ತು, ಆದರೂ ಯಾರೂ ಏಳಲಿಲ್ಲ.

ಆಗ ಪಚ್ಚೆ ಕೆಳಗಿಳಿಯಿತು. ತನ್ನ ಬಟ್ಟಲನ್ನು ದಾಟಿ, ಓಲಾಡುತ್ತಾ ಹೊರಗೆ ಬಂದು, ಅಮ್ಮನ ಬಟ್ಟಲಿನ ಅಂಚಿಗೆ ಕೊಕ್ಕು ಊರಿತು. ಒಂದು ಎಳೆ ಕ್ಯಾರೆಟ್ ಎತ್ತಿಕೊಂಡು ಕಾಲಲ್ಲಿ ಹಿಡಿದು ಕಚ್ಚಿತು. ಅರ್ಧ ಬೀಳಿಸಿತು, ಅರ್ಧ ತಿಂದಿತು. ಆಮೇಲೆ ಒಂದೆರಡು ಬೇಳೆ ಹೆಕ್ಕಿತು. ಅಮ್ಮ ಬಟ್ಟಲು ಅಲುಗಾಡಿಸದೆ ಕೂತೇ ಇದ್ದರು, ಕಣ್ಣೀರು ಅವರ ಗಲ್ಲದಿಂದ ಸೀರೆಯ ಮೇಲೆ ಇಳಿಯುತ್ತಿತ್ತು. ಕಲಿತುಬಿಟ್ಟಿತು, ಇನ್ನು ಬದುಕುತ್ತದೆ ಎಂದುಕೊಂಡು ನಾನು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಏಳುವಷ್ಟರಲ್ಲಿ ಅಪ್ಪ ಹಿತ್ತಲಿನಲ್ಲಿ ಮಣ್ಣು ಅಗೆಯುತ್ತಿದ್ದರು. ಪಂಜರದ ಮೇಲೆ ಅಮ್ಮನ ಬಿಳಿ ಟವೆಲ್ ಹೊದಿಸಿತ್ತು. ಫ್ರಿಜ್ಜಿನಲ್ಲಿ ಪಚ್ಚೆಗೆಂದು ಎತ್ತಿಟ್ಟಿದ್ದ ಕೋಸಂಬರಿಯನ್ನು ಅಮ್ಮ ಯಾರಿಗೂ ಬಡಿಸಲಿಲ್ಲ, ಚೆಲ್ಲಲೂ ಇಲ್ಲ. ತೋಟದ ಗೋಡೆಯ ಮೇಲೆ ಇಟ್ಟರು. ಸಂಜೆ ಪಾರ್ಕಿನ ಗಿಣಿಗಳು ಬಂದು ತಿಂದುಕೊಂಡು ಹೋದವು.

ಈಗ ನಿಮ್ಮ ಮನೆಯಲ್ಲೂ ಗಿಣಿಮರಿಯಿದೆ. ಅದರ ಬಟ್ಟಲು ತಾನಾಗಿಯೇ ತುಂಬಿಕೊಳ್ಳುತ್ತದೆ, ಏನು ಎಷ್ಟು ಬೇಕೆಂದು ಆ ಯಂತ್ರಕ್ಕೇ ಗೊತ್ತು. ಮಂಕಾದ ಒಂದು ಗರಿಯೂ ಅದಕ್ಕಿಲ್ಲ. ನೀವು ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ಒಂದೊಂದು ಕೋಣೆಯಲ್ಲಿ ತಿನ್ನುತ್ತೀರಿ. ನಮಗೆ ಏನು ಕೊಡಬೇಕೆಂದು ಗೊತ್ತಿರಲಿಲ್ಲ, ಆದರೆ ಕೊಡುವುದಕ್ಕೆ ಎಲ್ಲರೂ ಸುತ್ತ ಕೂರುತ್ತಿದ್ದೆವು. ಆ ದಿನ ಸುತ್ತ ಕೂತವರಲ್ಲಿ ಅಪ್ಪ, ಅಮ್ಮ, ಅಕ್ಕ ಯಾರೂ ಈಗಿಲ್ಲ. ದಿನಾ ಬೆಳಿಗ್ಗೆ ನಾನೊಬ್ಬನೇ ನಿಮ್ಮ ಗಿಣಿಯ ಮುಂದೆ ಕುರ್ಚಿ ಹಾಕಿಕೊಂಡು, ಇರುವ ಹಲ್ಲಿನಲ್ಲಿ ಉಪ್ಪಿಲ್ಲದ ಕ್ಯಾರೆಟ್ ಅಗಿಯುತ್ತಾ ಕೂರುತ್ತೇನೆ. ಅಜ್ಜನಿಗೆ ಅರಳುಮರಳು ಎಂದು ನೀವು ನಗುತ್ತೀರಿ. ಆ ಗಿಣಿಗೆ ನಾನು ತಿಂದು ತೋರಿಸಬೇಕಾಗಿಲ್ಲ, ನನಗೂ ಗೊತ್ತು. ಆದರೆ ಅದು ಒಂದು ಕಣ್ಣು ತಿರುಗಿಸಿ ನನ್ನನ್ನೇ ನೋಡುತ್ತಿರುತ್ತದೆ, ಒಂದು ಎಳೆ ಕೊಡದೆ ತಿನ್ನುವುದು ನನ್ನ ಕೈಲಾಗುವುದಿಲ್ಲ.