ವಾರಗಿತ್ತಿಗಿಂತ ಎರಡು ವರ್ಷ ದೊಡ್ಡವಳಾದದ್ದು

ನನಗೆ ನಿಜವಾಗಿ ಎಷ್ಟು ವಯಸ್ಸು ಎನ್ನುವುದು ಸರ್ಕಾರಕ್ಕೆ ಗೊತ್ತಿಲ್ಲ. ಅದರಲ್ಲಿ ಸರ್ಕಾರದ ತಪ್ಪೇನೂ ಇಲ್ಲ, ಸುಳ್ಳು ಹೇಳಿದವಳು ನಾನೇ. ಆ ಸುಳ್ಳನ್ನು ಕಂಪ್ಯೂಟರ್ ಎಂಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದು, ಒಂದು ದಿನ ನನಗೇ ವಾಪಸ್ ಬಡಿಸಿತು. ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಅಕ್ಷರ ದಪ್ಪಗೆ, ಬಿಡಿಬಿಡಿಯಾಗಿ ಬೀಳುತ್ತದೆ. ಬಿದ್ದಷ್ಟು ಬರೆಯುತ್ತೇನೆ.

ಹೆಸರಘಟ್ಟದ ಕಡೆ ನಮ್ಮೂರು. ನಾನು ಹುಟ್ಟಿದ್ದೂ ಅಲ್ಲೇ, ಮದುವೆಯಾಗಿದ್ದೂ ಅಲ್ಲೇ. ಆ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟಕ್ಕೆ ನಾನು ಮುಖ್ಯ ಅಡುಗೆಯವಳು. ನನ್ನ ಕೈಕೆಳಗೆ ಸಹಾಯಕಿಯಾಗಿದ್ದವಳು ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಆ ಅಡುಗೆಮನೆಯಲ್ಲಿ ನಾನು ಹೇಳಿದ್ದೇ ಮಾತು. ಬೇಳೆ ಯಾವಾಗ ಇಳಿಸಬೇಕು, ಒಗ್ಗರಣೆಗೆ ಎಣ್ಣೆ ಎಷ್ಟು ಕಾಯಬೇಕು, ಎಲ್ಲ ನಾನೇ. ನಮ್ಮ ಮನೆಯಲ್ಲಿ ಆ ಅಧಿಕಾರ ಹೋಗಿ ಬಹಳ ಕಾಲವಾಗಿತ್ತು. ನನ್ನ ಸೊಸೆ ಯಶವಂತಪುರದ ಕಡೆ ಗಾರ್ಮೆಂಟ್ಸಿಗೆ ಹೋಗುವವಳು. ಕುಕ್ಕರ್ ಮೂರು ಸಲ ಕೂಗಿಸಿ, ಅಡುಗೆ ಮುಗೀತು ಅನ್ನುತ್ತಾಳೆ. ಅದು ಅಡುಗೆಯೇ ಅಲ್ಲ ಎಂದು ಒಮ್ಮೆ ಹೇಳಿದ್ದಕ್ಕೆ, ಹಂಗಾದ್ರೆ ನಾಲ್ಕು ಗಂಟೆಗೆ ಎದ್ದು ನೀವೇ ಮಾಡಿ ಅತ್ತೆ ಅಂದಳು.

ವಾರಗಿತ್ತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹಿರಿಸೊಸೆ. ಹದಿನೈದು ತುಂಬುವ ಮೊದಲೇ ಆ ಮನೆ ಸೇರಿದವಳು. ಐದಾರು ವರ್ಷ ಕಳೆದು ಮೈದುನನಿಗೆ ಪಕ್ಕದೂರಿನಿಂದ ಹೆಣ್ಣು ತಂದರು. ಜಾತಕ ಹೊಂದದೆ ತಡವಾಗಿದ್ದ ಹೆಣ್ಣು, ನನಗಿಂತ ಎರಡು ವರ್ಷ ದೊಡ್ಡವಳು. ಆದರೆ ಹೊಸ್ತಿಲು ದಾಟಿದ ದಿನದಿಂದ ಅವಳು ನನ್ನನ್ನು ಅಕ್ಕ ಅನ್ನಬೇಕು, ನಾನು ಅವಳನ್ನು 'ಏನೇ' ಎಂದು ಕರೆಯಬೇಕು. ಇದನ್ನು ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿಲ್ಲ. ಆದ್ದರಿಂದ ಯಾರೂ ಇದನ್ನು ತಿದ್ದುಪಡಿ ಮಾಡಲಾರರು.

ಬರೆದ ಕಾನೂನುಗಳು ಮಾತ್ರ ನಮ್ಮ ಅಡುಗೆಮನೆಗೆ ವರ್ಷಕ್ಕೊಂದು ಬರುತ್ತಿದ್ದವು. ಒಂದು ವರ್ಷ ತಲೆಗೆ ಟೋಪಿ ಹಾಕಿ ಅಂದರು. ನಮ್ಮಿಬ್ಬರ ತುರುಬು ಅದರೊಳಗೆ ಹಿಡಿಸದೆ, ಬಟ್ಟೆ ಮುಚ್ಚಿದ ಹಲಸಿನಕಾಯಿಗಳಂತೆ ಓಡಾಡಿದೆವು. ಇನ್ನೊಂದು ವರ್ಷ ಪುಡಿಯಿಂದ ಹಾಲು ಕಾಯಿಸಿ ಕೊಡಿ ಅಂದರು. ಆಮೇಲೆ ಎಷ್ಟು ಮಕ್ಕಳು ಉಂಡರು ಎನ್ನುವುದನ್ನು ಹೆಡ್ ಮೇಡಂ ದಿನಾ ಮೊಬೈಲಿನಿಂದ ಮೇಲಕ್ಕೆ ಕಳಿಸಬೇಕಾಯಿತು. ಸಿಗ್ನಲ್ಲು ಸಿಗುತ್ತಿದ್ದದ್ದು ಹೊಂಗೆ ಮರದ ಕೆಳಗೆ ಮಾತ್ರ. ಮೇಡಂ ಅಲ್ಲಿ ನಿಂತು ಮೊಬೈಲನ್ನು ಮೇಲೆತ್ತಿ ಹಿಡಿದಾಗ, ಹೊಸದಾಗಿ ಬಂದ ಒಂದನೇ ಕ್ಲಾಸಿನ ಮಕ್ಕಳು ಪ್ರಾರ್ಥನೆ ಅಂದುಕೊಂಡು ಕೈಮುಗಿಯುತ್ತಿದ್ದರು.

ನನಗೆ ಮೈ ಉರಿಯುತ್ತಿದ್ದದ್ದು ಒಂದೇ ನಿಯಮಕ್ಕೆ. ದಿನಕ್ಕೊಬ್ಬ ತಾಯಿ ಬಂದು, ಮಕ್ಕಳಿಗೆ ಬಡಿಸುವ ಮೊದಲು ಊಟದ ರುಚಿ ನೋಡಿ, ಪುಸ್ತಕದಲ್ಲಿ ಹೇಗಿದೆ ಎಂದು ಬರೆದು ಸಹಿ ಹಾಕಬೇಕು. ಅಲ್ಲಿಯವರೆಗೆ ನಾವು ಸೌಟು ಮುಟ್ಟುವಂತಿಲ್ಲ. ನನ್ನ ಸಾಂಬಾರಿಗೆ ಇನ್ನೊಬ್ಬಳ ಸಹಿ! ಒಬ್ಬಳು 'ಉಪ್ಪು ಕಡಿಮೆ' ಎಂದು ಬರೆದಳು. ಅವಳ ಜೊತೆ ನಾನು ಒಂದು ವರ್ಷ ಮಾತಾಡಲಿಲ್ಲ.

ಸುಳ್ಳು ಹೇಳಿದ್ದು 2011ರಲ್ಲಿ. ಆಧಾರ್ ಮಾಡಿಸುವವರು ಶಾಲೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ನಮ್ಮ ಬೀದಿಯ ಹೆಂಗಸರೆಲ್ಲ ಸಾಲು ನಿಂತಿದ್ದರು. ನನ್ನ ಮುಂದೆ ವಾರಗಿತ್ತಿ. ಬರೆದುಕೊಳ್ಳುತ್ತಿದ್ದ ಹುಡುಗಿ ಅವಳನ್ನು ಕೇಳಿದಳು, "ವಯಸ್ಸೆಷ್ಟಮ್ಮ?"

"ಐವತ್ತು ಅಂತ ಬರ್ಕೊಳವ್ವ."

ಅವಳು ಅದನ್ನು ಸಂತೆಯಲ್ಲಿ ಕೂಗಿದ ಹಾಗೆ ಹೇಳಿದಳು. ಇಡೀ ಸಾಲಿಗೆ ಕೇಳಿಸಿತು. ಆಮೇಲೆ ನನ್ನ ಸರದಿ. ನನಗೆ ಆಗ ನಲವತ್ತೆಂಟು. ನಮ್ಮವ್ವ ಹೇಳುತ್ತಿದ್ದ ಲೆಕ್ಕ ಅದು, ಅದರಲ್ಲಿ ಅನುಮಾನವಿಲ್ಲ. ನಲವತ್ತೆಂಟು ಎಂದು ಬಾಯಿಯವರೆಗೂ ಬಂತು. ಹಿಂದೆ ತಿರುಗಿ ನೋಡಿದೆ. ಇಪ್ಪತ್ತು ಜೊತೆ ಕಿವಿಗಳು. ಕಿರಿಸೊಸೆಗೆ ಐವತ್ತು, ಹಿರಿಸೊಸೆಗೆ ನಲವತ್ತೆಂಟು ಅಂದರೆ ನಾಳೆ ಬಾವಿಕಟ್ಟೆಯಲ್ಲಿ ಏನು ಮಾತಾಗುತ್ತದೆ?

"ನಂಗೆ ಐವತ್ತೆರಡು" ಅಂದೆ.

ವಾರಗಿತ್ತಿ ಬೆರಳ ಗುರುತು ಕೊಡುತ್ತಿದ್ದವಳು ಹಾಗೇ ತಿರುಗಿ, "ಯಾವಾಗ ಆಯ್ತಕ್ಕ?" ಅಂದಳು.

"ಈಗ. ನೀನು ಬೆರಳು ಒತ್ತು."

"ಹುಟ್ಟಿದ ತಾರೀಕು ಗೊತ್ತಾ?" ಅಂತ ಆ ಹುಡುಗಿ ಕೇಳಿದಳು.

"ಗೊತ್ತಿದ್ರೆ ಹೇಳ್ತಿರಲಿಲ್ವಾ?"

"ಹಂಗಾದ್ರೆ ಜನವರಿ ಒಂದು ಹಾಕ್ತೀನಿ."

ಹಾಗೆ ನಮ್ಮ ಬೀದಿಯ ಅರ್ಧ ಹೆಂಗಸರು ಜನವರಿ ಒಂದಕ್ಕೆ ಹುಟ್ಟಿದೆವು. ನನ್ನ ಬೆರಳನ್ನು ಮಾತ್ರ ಆ ಯಂತ್ರ ಸುಲಭಕ್ಕೆ ಒಪ್ಪಲಿಲ್ಲ. ದಬರಿ ಉಜ್ಜಿ ಉಜ್ಜಿ ಗೆರೆ ಸವೆದಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ನಾಲ್ಕು ಸಲ ಒತ್ತಿದೆ. ಬೆರಳಿನ ಬಗ್ಗೆ ಅಷ್ಟು ಅನುಮಾನಪಟ್ಟ ಯಂತ್ರ, ವಯಸ್ಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆಮೇಲೆ ನಾನು ಅದನ್ನು ಮರೆತೇಬಿಟ್ಟೆ. 2019ರಲ್ಲಿ ಹೆಡ್ ಮೇಡಂ ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ಯಲಹಂಕದಿಂದ ಸ್ಕೂಟರಿನಲ್ಲಿ ಬರುವ, ಒಳ್ಳೆಯ ಹೆಂಗಸು. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸುವ ಅಭ್ಯಾಸ ಅವರಿಗೆ. ಅವತ್ತು ಒರೆಸುತ್ತಲೇ ಇದ್ದರು.

"ಅಮ್ಮ, ಬೇಜಾರ್ ಮಾಡ್ಕೋಬೇಡಿ. ಅಡುಗೆಯವ್ರ ಲಿಸ್ಟ್ ಎಲ್ಲಾ ಆನ್‌ಲೈನ್ ಆಗಿದೆ. ಅರವತ್ತಾದವ್ರನ್ನ ಬಿಡಿಸ್ಬೇಕು ಅಂತ ಲೆಟರ್ ಬಂದಿದೆ. ಅವರ ಹೆಸರು ಕೆಂಪಲ್ಲಿ ಬರುತ್ತೆ. ನಿಮ್ದು ಕೆಂಪಗಿದೆ."

"ಇವಳ್ದು?"

"ಅವರ್ದು ಹಸಿರು. ಈ ತಿಂಗಳು ಮುಗಿದ್ಮೇಲೆ ಅವರೇ ಮುಖ್ಯ ಅಡುಗೆಯವರು."

ವಾರಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ಅಲ್ಲ, ನನಗೆ ಚೆನ್ನಾಗಿ ಗೊತ್ತು.

"ಮೇಡಂ, ನಂಗೆ ಅರವತ್ತಾಗಿಲ್ಲ. ಐವತ್ತಾರು" ಅಂದೆ. "ಅವತ್ತು ಜಾಸ್ತಿ ಹೇಳ್ಬಿಟ್ಟೆ."

"ಜಾಸ್ತಿ ಹೇಳಿದ್ರಾ? ಪ್ರಪಂಚದಲ್ಲಿ ಎಲ್ರೂ ಕಮ್ಮಿ ಹೇಳ್ತಾರಲ್ಲಮ್ಮ!"

"ನಾನು ಹಿರಿಸೊಸೆ ಮೇಡಂ."

ಅವರಿಗೆ ಅರ್ಥವಾಗಲಿಲ್ಲ. ಅವರ ಗಂಡ ಮನೆಗೆ ಒಬ್ಬನೇ ಮಗ ಇರಬೇಕು. ಆದರೂ ದಾರಿ ಹೇಳಿದರು. ಒಂದೋ ಹಳೆಯ ಶಾಲಾ ದಾಖಲೆ ಬೇಕು, ಇಲ್ಲವೇ ನನಗಿಂತ ದೊಡ್ಡವರು, ನಾನು ಹುಟ್ಟಿದ್ದನ್ನು ಬಲ್ಲ ನಂಟರು, ಅಫಿಡವಿಟ್ ಬರೆದುಕೊಡಬೇಕು. ಅದನ್ನು ಇಟ್ಟುಕೊಂಡು ತಿದ್ದಿಸಲು ಪ್ರಯತ್ನ ಮಾಡಬಹುದು.

ಶಾಲಾ ದಾಖಲೆ ಅಂದ ತಕ್ಷಣ ನನ್ನ ಜೀವ ಹಗುರಾಯಿತು. ನಾನು ಮೂರನೇ ಕ್ಲಾಸು ಓದಿದ್ದು ಇದೇ ಶಾಲೆಯಲ್ಲಲ್ಲವೇ! ಮೇಡಂ ಬೀರು ತೆಗೆದರು. ಜಿರಳೆಗಳು ಮೊದಲು ಹೊರಬಂದವು, ಹಿಂದೆ ದಾಖಲಾತಿ ಪುಸ್ತಕಗಳು. ಮೂರನೆಯ ಪುಸ್ತಕದಲ್ಲಿ ನನ್ನ ಹೆಸರು ಸಿಕ್ಕಿತು. ಮಸಿ ಕಂದಿತ್ತು, ಅಕ್ಷರ ಮುತ್ತಿನಂತಿತ್ತು. ಮೇಡಂ ಓದಿದರು, ಬೆರಳು ಮಡಿಚಿ ಎಣಿಸಿದರು, ಕನ್ನಡಕ ಒರೆಸಿದರು.

"ಅಮ್ಮ, ಇದ್ರ ಪ್ರಕಾರ ನೀವು ಹೋದ ವರ್ಷಾನೇ ರಿಟೈರ್ ಆಗ್ಬೇಕಿತ್ತು."

ನೋಡಿದರೆ, ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ನಮ್ಮಣ್ಣನ ಹೆಸರು. ಇಬ್ಬರಿಗೂ ಒಂದೇ ಹುಟ್ಟಿದ ದಿನ. ಆಗ ನೆನಪಾಯಿತು. ದನ ಮೇಯಿಸಿಕೊಂಡಿದ್ದ ಅಣ್ಣ ತಡವಾಗಿ ಶಾಲೆಗೆ ಸೇರಿದವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಒಬ್ಬನೇ ಹೋಗಲ್ಲ ಎಂದು ಶಾಲೆಯ ಬಾಗಿಲಲ್ಲಿ ಮಲಗಿಕೊಂಡು ಅತ್ತಿದ್ದ. ಅವನ ಜೊತೆಗಿರಲಿ ಎಂದು ಅಪ್ಪ ನನ್ನನ್ನೂ ಸೇರಿಸಿದ. ಸಣ್ಣ ವಯಸ್ಸಿನವರನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಮೇಷ್ಟ್ರು ಅಂದಿರಬೇಕು. ಕಾನೂನು ಆಗಲೂ ಇತ್ತಲ್ಲ. ಅಪ್ಪ ಅಣ್ಣನ ತಾರೀಕನ್ನೇ ನನಗೂ ಬರೆಸಿದ. ದಾಖಲೆಯಲ್ಲಿ ನಾವು ಅವಳಿ. ನನ್ನ ಬದುಕಿನಲ್ಲಿ ಬರವಣಿಗೆಯಲ್ಲಿ ಇರುವುದು ಎರಡೇ ವಯಸ್ಸು, ಎರಡೂ ಸುಳ್ಳು, ಎರಡೂ ಜಾಸ್ತಿ.

"ಈ ಪುಸ್ತಕ ನಾನು ನೋಡೇ ಇಲ್ಲ" ಎಂದು ಮೇಡಂ ಬೀರು ಮುಚ್ಚಿದರು.

ಉಳಿದದ್ದು ಅಫಿಡವಿಟ್. ಅಣ್ಣ ಹೋಗಿ ಹತ್ತು ವರ್ಷವಾಗಿತ್ತು, ನಮ್ಮಿಬ್ಬರ ಗಂಡಂದಿರೂ ಇರಲಿಲ್ಲ. ನಂಟರಲ್ಲಿ ನನಗಿಂತ ದೊಡ್ಡವರು, ಪಕ್ಕದೂರಿನವರಾದರೂ ನಮ್ಮ ಮನೆಯ ಸಂಗತಿ ಬಲ್ಲವರು, ಜೀವಂತ ಇರುವವರು ಅಂದರೆ ಒಬ್ಬಳೇ, ನನ್ನ ವಾರಗಿತ್ತಿ. ಅವಳು ಎರಡು ದಿನ ಆ ಮಾತೇ ಎತ್ತದೆ, ಮೂರನೇ ದಿನ ಹುರುಳಿಕಾಯಿ ಮುರಿಯುತ್ತಾ ಶುರುಮಾಡಿದಳು.

"ಅಕ್ಕ, ನಾನು ಬರ್ಕೊಡ್ತೀನಿ. ನಿನ್ನ ನಾಮಕರಣಕ್ಕೆ ನಮ್ಮವ್ವನ ಕೈ ಇಡ್ಕಂಡು ನಾನು ಬಂದಿದ್ದೆ. ಸಜ್ಜಪ್ಪ ತಿಂದಿದ್ದು ಗ್ಯಾಪ್ಕ ಐತೆ."

"ಎರಡು ವರ್ಷದ ಮಗೀಗೆ ಗ್ಯಾಪಕ ಇರುತ್ತೇನೇ?"

"ತಿಂದಿದ್ದು ಇರ್ತದೆ. ಆದ್ರೆ ಒಂದ್ ಮಾತು. ನಾನೇ ದೊಡ್ಡೋಳು ಅಂತ ಕಾಗದದಾಗೆ ರುಜು ಆಕಿದ್ಮೇಲೆ ಅದು ಸರ್ಕಾರದ ಮಾತಾಯ್ತದೆ. ಅವತ್ತಿಂದ ನೀನು ನನ್ನ ಅಕ್ಕ ಅನ್ಬೇಕು."

"ಏನಂದೆ?"

"ಅಕ್ಕ ಅನ್ಬೇಕು ಅಂದೆ. ನಲವತ್ತು ವರ್ಷ ನಾನ್ ಅಂದಿಲ್ವಾ? ಬಾಯೇನ್ ಸವೆದೋಯ್ತಾ? ಎಲ್ರ ಮುಂದೆ ಅನ್ಬೇಕು, ಬಾವಿಕಟ್ಟೆತಾವ್ಲೂ."

ನಾನು ಹುರುಳಿಕಾಯಿ ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡೆ. ಆ ದಿನ ಸಾಂಬಾರು ಹೊತ್ತಿತು.

ನಾನು ಪ್ರಯತ್ನ ಮಾಡಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಒರಳುಕಲ್ಲಿನ ಮುಂದೆ ಕೂತು ಅದಕ್ಕೆ ಅಕ್ಕ ಎಂದು ಹೇಳಿ ನೋಡಿದೆ. ಒರಳುಕಲ್ಲಿಗೆ ಹೇಳಲು ಬಂತು. ಕೋಳಿಗೆ ಹೇಳಿದೆ, ಅದೂ ಬಂತು. ಮರುದಿನ ಅಡುಗೆಮನೆಯಲ್ಲಿ ಅವಳು ತುರುಬಿನ ಮೇಲೆ ಟೋಪಿ ಏರಿಸಿಕೊಂಡು, ಸೊಂಟಕ್ಕೆ ಕೈ ಕೊಟ್ಟು, ಊಟದ ಗಂಟೆ ಕಾಯುವ ಮಕ್ಕಳ ಹಾಗೆ ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. 'ಅ' ಅನ್ನುವುದು ಬಂತು. ಆಮೇಲೆ ಕೆಮ್ಮು ಬಂತು.

"ಏನೇ, ಉಪ್ಪಿನ ಡಬ್ಬ ಎಲ್ಲಿಟ್ಟೆ?" ಅಂದೆ.

ಅವಳು ಡಬ್ಬ ತಂದುಕೊಟ್ಟಳು. "ಹಂಗಾದ್ರೆ ಕೆಂಪಾಗೇ ಇರು ಅಕ್ಕ" ಅಂದಳು.

ತಿಂಗಳು ಮುಗಿಯಿತು. ಮೇಡಂ ಒಂದು ಶಾಲು ಹೊದಿಸಿದರು. ಬಿಸಿಲುಗಾಲದಲ್ಲಿ ಶಾಲು ಯಾಕೋ. ನಾನು ಅಡುಗೆಮನೆಯ ಬೀಗದ ಕೈಯನ್ನು ವಾರಗಿತ್ತಿಯ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಬಂದೆ. ಅವಳು ಅಲ್ಲಿಂದ ಎತ್ತಿಕೊಳ್ಳಲಿ ಎಂದು. ಚಿಕ್ಕತನ ಅಂತ ನನಗೂ ಗೊತ್ತಿತ್ತು. ದಾಖಲೆಯಲ್ಲಿ ಇಷ್ಟು ದೊಡ್ಡವಳಾದ ಮೇಲೆ ಒಂದಿಷ್ಟು ಚಿಕ್ಕತನ ಇರಲಿ ಬಿಡಿ.

ಮನೆಯಲ್ಲಿ ಎರಡು ವಾರ ಕೂತೆ. ಹನ್ನೊಂದು ಗಂಟೆಗೆ ಈಗ ಬೇಳೆ ಇಳಿಸಬೇಕು ಅನ್ನಿಸುತ್ತಿತ್ತು. ಇಳಿಸಲು ಏನೂ ಇರಲಿಲ್ಲ. ಎರಡನೇ ಕ್ಲಾಸಿನಲ್ಲಿರುವ ನನ್ನ ಮೊಮ್ಮಗಳು ಶಾಲೆಯಿಂದ ಬಂದ ಕೂಡಲೇ ಕೇಳುತ್ತಿದ್ದೆ.

"ಇವತ್ತು ಸಾಂಬಾರ್ ಹೆಂಗಿತ್ತೇ?"

"ಚೆನ್ನಾಗಿತ್ತು."

"ನಾನು ಮಾಡೋ ಹಂಗಾ?"

"ಇಲ್ಲ. ಚೆನ್ನಾಗಿತ್ತು."

ಮೂರನೇ ವಾರ ಆ ಮಗು ಒಂದು ಚೀಟಿ ತಂದಿತು. ಬುಧವಾರ ರುಚಿ ನೋಡುವ ಸರದಿ ನಮ್ಮ ಮನೆಯದು. ಸೊಸೆ ಚೀಟಿ ನೋಡಿ, ನನಗೆ ರಜೆ ಎಲ್ಲಿ ಕೊಡ್ತಾರೆ ಎಂದು ಪಕ್ಕಕ್ಕಿಟ್ಟಳು. ನಾನು ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದೆ. 'ತಾಯಿ ಅಥವಾ ಪೋಷಕರು' ಎಂದಿತ್ತು. ವಯಸ್ಸಿನ ಮಾತು ಎಲ್ಲೂ ಇರಲಿಲ್ಲ. ಚೀಟಿಯ ಹಿಂಬದಿಯನ್ನೂ ನೋಡಿದೆ.

ಬುಧವಾರ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಹೆಡ್ ಮೇಡಂ ನನ್ನನ್ನು ಕಂಡು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ, ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನನಗೊಂದು ಕುರ್ಚಿ ಹಾಕಿಸಿದರು. ಅಷ್ಟು ವರ್ಷ ಆ ಅಡುಗೆಮನೆಯಲ್ಲಿ ನಾನು ಕುರ್ಚಿಯಲ್ಲಿ ಕೂತವಳಲ್ಲ. ವಾರಗಿತ್ತಿ ತಟ್ಟೆಗೆ ಅನ್ನ ಸಾಂಬಾರು ಹಾಕಿ ತಂದುಕೊಟ್ಟು, ಸೌಟು ಹಿಡಿದು ಎದುರಿಗೆ ನಿಂತಳು. ಹೊರಗೆ ಮಕ್ಕಳು ಸಾಲಾಗಿ ಕೂತು ತಟ್ಟೆ ಬಡಿಯುತ್ತಿದ್ದರು.

ನಾನು ಒಂದು ತುತ್ತು ತಿಂದೆ. ಇನ್ನೊಂದು ತುತ್ತು ತಿಂದೆ.

"ಹೆಂಗೈತೆ ಅಕ್ಕ?" ಅಂದಳು.

ಸಾಂಬಾರು ಚೆನ್ನಾಗಿತ್ತು. ನಾನು ನಲವತ್ತು ವರ್ಷ ಹಾಕದೆ ಬಿಟ್ಟಿದ್ದ ಒಂದು ಚಿಟಿಕೆ ಮೆಂತ್ಯ ಅವಳು ಹಾಕಿದ್ದಳು. ಹಾಕೋಣ ಅಕ್ಕ ಅಂತ ಎಷ್ಟೋ ಸಲ ಹೇಳಿದ್ದಳು, ನಾನೇ ಬೇಡ ಅಂದಿದ್ದೆ. ನಾನು ಪುಸ್ತಕ ತೆಗೆದುಕೊಂಡೆ. ಪೆನ್ನನ್ನು ಒಮ್ಮೆ ಅಂಗೈಗೆ ಗೀಚಿ ನೋಡಿದೆ. ಆಮೇಲೆ 'ಚೆನ್ನಾಗಿದೆ' ಎಂದು ಬರೆಯಲು ಶುರುಮಾಡಿದೆ. ಅಷ್ಟು ಚಿಕ್ಕ ಮಾತಿಗೆ ನಾನು ತೆಗೆದುಕೊಂಡ ಹೊತ್ತು ನೋಡಿ, ನನ್ನ ಮೇಷ್ಟ್ರು ಬದುಕಿದ್ದರೆ ಕಿವಿ ಹಿಂಡುತ್ತಿದ್ದರು. ಒತ್ತನ್ನು ಬರೆದು, ಅದನ್ನು ಇನ್ನೊಮ್ಮೆ ತೀಡಿದೆ.

"ಬೇಗ ಆಗ್ಲಕ್ಕ, ಮಕ್ಳು ಅಸ್ಕಂಡವೆ" ಅಂದಳು.

"ತಾಳೇ, ಸಹಿ ಇನ್ನೂ ಹಾಕಿಲ್ಲ" ಅಂದೆ.

ಅವಳು ಸೌಟು ಹಿಡಿದು ನಿಂತೇ ಇದ್ದಳು. ನನ್ನ ಸಹಿ ಬೀಳುವ ತನಕ ಬಡಿಸುವ ಹಾಗಿಲ್ಲ. ಒಳ್ಳೆಯ ಕಾನೂನು ಅದು.